ಚಿತೊಸೆಯನ್ನು ದೇವರಿಗೆ ತೋರಿಸಿದ್ದು

1958, ಡಿಸೆಂಬರ್ 9

ಪಡುವಣ ಗಾಳಿ, ಒಣ ಬಿಸಿಲು. ಶಾವಿಗೆಗೆ ಹೇಳಿ ಮಾಡಿಸಿದಂಥ ಹವೆ. ಹಿಟ್ಟಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿದ್ದು ಒಳ್ಳೆಯದೇ ಆಯಿತು. ಎಳೆಗಳು ಎಲ್ಲೂ ತುಂಡಾಗದೆ ನೆಲದವರೆಗೆ ಇಳಿದವು. ಅಂಗಳದ ತುಂಬ ಬಿಳಿ ಪರದೆ ಕಟ್ಟಿದ ಹಾಗಿತ್ತು.

ಮಧ್ಯಾಹ್ನ ಸೊಸೆ ಕಿನುಕೊಗೆ ಹೆರಿಗೆಯಾಯಿತು. ಎಂಟು ತಿಂಗಳೂ ಸರಿಯಾಗಿ ತುಂಬಿರಲಿಲ್ಲ. ಹೆಣ್ಣು ಮಗು. ಡಾಕ್ಟರ್ ಕುಸುಮಿ ತೂಗಿ ನೋಡಿ, ನನ್ನ ಗಂಡನ ಕಡೆ ತಿರುಗಿ, "ಮನೆ ಬೆಚ್ಚಗಿಡು ಗೆನ್ಸಾಕು. ಇನ್ನೇನೂ ಈಗ ಹೇಳೋಕಾಗಲ್ಲ" ಎಂದರಂತೆ.

ಅತ್ತಿತು ಎಂದು ಮಗ ತೆತ್ಸುರೊ ಹೇಳಿದ. ನನಗೆ ಕೇಳಿಸಲಿಲ್ಲ. ನಾನು ಅಂಗಳದಲ್ಲಿದ್ದೆ. ಶಾವಿಗೆಯನ್ನು ಒಳಗೆ ಎತ್ತಿಡುವ ಹೊತ್ತಾಗಿತ್ತು.

ಡಿಸೆಂಬರ್ 15

ಮೋಡ. ಶಾವಿಗೆ ಹೊರಗೆ ಹಾಕಲಿಲ್ಲ.

ಇವತ್ತು ಮಗುವಿನ ಏಳನೆಯ ದಿನ. ಹೆಸರಿಡುವ ಶಾಸ್ತ್ರ. ಗೆನ್ಸಾಕು ಕೈಕಾಲು ತೊಳೆದು, ಶಾಯಿ ತೇಯ್ದು, ಒಳ್ಳೆಯ ಕಾಗದದ ಮೇಲೆ ದಪ್ಪ ಕುಂಚದಲ್ಲಿ ಬರೆದರು. ಅವರ ನಾಲಗೆ ಹೊರಗೆ ಬಂದಿತ್ತು. ಮೂವತ್ತು ವರ್ಷದ ಹಿಂದೆಯೂ ಹಾಗೇ ಬರುತ್ತಿತ್ತು.

"ಏನು ಬರೆದ್ರಿ?"

"ಚಿತೊಸೆ. ಸಾವಿರ ವರ್ಷ ಅಂತ."

"ಸಾವಿರವೇ! ಈ ಚಳಿಗಾಲ ಕಳೀಲಿ ಅಂತ ಕೇಳ್ಕೊಳ್ಳಿ ಸಾಕು."

"ಕೇಳೋದೇ ಆದ್ರೆ ಜಿಪುಣತನ ಯಾಕೆ ಹಿಸಾನೊ? ದೇವರ ಗಂಟೇನು ಹೋಗತ್ತೆ?"

ಕಾಗದವನ್ನು ಪೂಜೆಯ ಗೂಡಿನ ಪಕ್ಕದಲ್ಲಿ ಅಂಟಿಸಿದರು. ನಾನು ಕೆಂಪು ಕಾಳಿನ ಅನ್ನ ಮಾಡಿದೆ. ಅನ್ನ ಬೇಯುವ ವಾಸನೆ ಬಂದಾಗ ಅತ್ತೆಯ ನೆನಪಾಯಿತು. ತೆತ್ಸುರೊನ ಏಳನೆಯ ದಿನ ಅವರು ಮೆರುಗಿನ ಬಟ್ಟಲುಗಳಲ್ಲಿ ಅನ್ನ ಹಾಕಿ, ಮೇಲೆ ಎಳ್ಳು ಉದುರಿಸಿ, ಓಣಿಯ ಮನೆಮನೆಗೂ ಕೊಟ್ಟು ಬಂದಿದ್ದರು. ಓಣಿಯ ಮಕ್ಕಳೆಲ್ಲ ಬಾತುಕೋಳಿಗಳ ಹಾಗೆ ಅವರ ಹಿಂದೆ. ಖಾಲಿ ಬಟ್ಟಲು ವಾಪಸು ಬರುವಾಗ ಒಂದರಲ್ಲಿ ಬೆಂಕಿಪೊಟ್ಟಣ, ಒಂದರಲ್ಲಿ ಎರಡು ಒಣ ಮೀನು. ಯಾರೂ ಖಾಲಿ ಬಟ್ಟಲು ಕೊಡುತ್ತಿರಲಿಲ್ಲ ಆಗ.

ಅದಕ್ಕೂ ಮುಂಚೆ ಇನ್ನೊಂದು ಸಲ ಈ ಮನೆಯಲ್ಲಿ ಕೆಂಪು ಅನ್ನ ಬೆಂದಿತ್ತು. ಅದನ್ನು ಇಲ್ಲಿ ಬರೆಯುವುದು ಬೇಡ.

ಡಿಸೆಂಬರ್ 27

ಗಾಳಿ ಜಾಸ್ತಿ. ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿ ಬಿಡಿಸಿ ಬೆರಳು ಬಿರಿದಿವೆ.

ಬಾಣಂತಿ ಕೋಣೆಯ ಬಡಗಣ ಕಿಟಕಿಯ ಕಾಗದ ಹರಿದಿರಬಹುದೆಂದು ನೋಡಲು ಹೋದೆ. ಹರಿದಿರಲಿಲ್ಲ. ಮಗುವಿನ ಸುತ್ತ ಇಟ್ಟ ಬಿಸಿನೀರಿನ ತಗಡಿನ ಡಬ್ಬಿಗಳು ಆರಿದ್ದವು, ಅದಕ್ಕೇ ಬದಲಾಯಿಸಿ ಬಂದೆ. ಕಿನುಕೊ ನಿದ್ದೆಯಲ್ಲಿದ್ದಳು. ಮಗು ಎಚ್ಚರವಾಗಿತ್ತು. ಮುಖ ಉಪ್ಪಿನಲ್ಲಿಟ್ಟ ಪ್ಲಮ್ ಕಾಯಿಯಷ್ಟಿದೆ, ಅಷ್ಟೇ ಸುಕ್ಕು. ಅಳುವುದಿಲ್ಲ. ಅಳಲು ಬೇಕಾದ ಶಕ್ತಿಯೇ ಇಲ್ಲವೇನೋ. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಕೊಡುತ್ತಾರೆ.

ನಾನು ಎತ್ತಿಕೊಳ್ಳಲಿಲ್ಲ. ನನ್ನ ಕೈ ಯಾವಾಗಲೂ ಎಳ್ಳೆಣ್ಣೆ.

1959, ಜನವರಿ 11

ಬೀಗಿತ್ತಿ ರಿಕು ತಕಾಮತ್ಸುವಿನಿಂದ ದೋಣಿಯಲ್ಲಿ ನಮ್ಮ ದ್ವೀಪಕ್ಕೆ ಬಂದರು. ಬಗಲಲ್ಲಿ ಕಿತ್ತಳೆ ಬುಟ್ಟಿ, ಬಾಯಲ್ಲಿ ಪಟ್ಟಣದ ಸುದ್ದಿ. ಬಂದವರೇ ಮಗುವನ್ನು ಎತ್ತಿಕೊಂಡು, "ಅಯ್ಯೋ ನನ್ನ ಬಂಗಾರಿ, ಚಿತೊಸೆ, ಚಿತೊಸೆಮ್ಮಾ" ಎಂದು ಇಪ್ಪತ್ತು ಸಲವಾದರೂ ಕರೆದರು. ಆಮೇಲೆ ಗೋಡೆ ಮುಟ್ಟಿ ನೋಡಿದರು, ನೆಲ ಮುಟ್ಟಿ ನೋಡಿದರು.

"ಈ ಚಳೀಲಿ, ಈ ಹಿಟ್ಟಿನ ಧೂಳಲ್ಲಿ ಕೂಸು ಹೇಗೆ ಉಳಿಯತ್ತೆ ಬೀಗಿತ್ತೀ? ನಮ್ಮೂರಲ್ಲಿ ದೊಡ್ಡಾಸ್ಪತ್ರೆ ಇದೆ. ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ."

"ಕರ್ಕೊಂಡು ಹೋಗಿ," ಎಂದೆ ನಾನು.

ಡಾಕ್ಟರ್ ಕುಸುಮಿ ಬಿಡಲಿಲ್ಲ. ಈ ಗಾಳಿಯಲ್ಲಿ ದೋಣಿ ಹತ್ತಿಸಿದರೆ ಆಸ್ಪತ್ರೆ ಸೇರುವವರೆಗೂ ಉಳಿಯುವುದಿಲ್ಲ ಎಂದರು. ಬಿಸಿಲು ಕಾಯತೊಡಗಿದ ಮೇಲೆ ಬಂದು ಕರೆದೊಯ್ಯುವುದೆಂದು ತೀರ್ಮಾನವಾಯಿತು.

ಸಂಜೆ ನಾನು ಕಿತ್ತಳೆ ಸಿಪ್ಪೆ ಎಸೆಯಲು ಹಿತ್ತಲಿಗೆ ಹೋದಾಗ ಕಿನುಕೊ ತಾಯಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಬೇಗ ಕರ್ಕೊಂಡು ಹೋಗಮ್ಮ. ಅತ್ತೆ ಇವತ್ತಿನವರೆಗೂ ಇವಳನ್ನ ಎತ್ಕೊಂಡಿಲ್ಲ. ಹೆಸರು ಹಿಡಿದು ಒಂದ್ಸಲನೂ ಕರೆದಿಲ್ಲ. ಬೇಡದ ಮನೇಲಿ ಮಗು ಹೇಗೆ ಬೆಳೆಯತ್ತೆ?"

ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ನನಗೆ ಸಿಟ್ಟು ಬರಲಿಲ್ಲ. ಹಿಟ್ಟು ಮಾತ್ರ ಹದ ಬರಲಿಲ್ಲ.

ಜನವರಿ 23

ಬಿಸಿಲು. ತೆಳು ಗಾಳಿ. ಬಟ್ಟೆ ಒಣಗಿಸುವ ಗಳು ಸಾಲದೆ ಮಗುವಿನ ಬಟ್ಟೆಗಳನ್ನು ಶಾವಿಗೆಯ ಚೌಕಟ್ಟಿನ ಕೊನೆಯ ಸಾಲಿಗೆ ಹಾಕಿದೆ. "ಕೊಳ್ಳೋರು ನೋಡಿದ್ರೆ?" ಎಂದು ತೆತ್ಸುರೊ ನಕ್ಕ. ನೋಡಲಿ. ಅಲ್ಲಿ ಬೇಗ ಒಣಗುತ್ತದೆ.

ಇನ್ನು ಸ್ವಲ್ಪ ದಿನಕ್ಕೆ ಹೋಗುವ ಮಗು. ಹೋಗುವವರೆಗೆ ಒಣ ಬಟ್ಟೆ ಇರಲಿ.

ಫೆಬ್ರವರಿ 5

ಹಿಮ ಬೆರೆತ ಗಾಳಿ. ಬೆಳಿಗ್ಗೆಯಿಂದ ಕಿನುಕೊಗೆ ಜ್ವರ. ಮಗುವಿನ ತುಟಿ ನೀಲಿಯಾಗಿದೆ ಎಂದು ಅವಳೇ ಕೂಗಿದಳು. ಹೋಗಿ ನೋಡಿದರೆ ಪಾದಗಳು ಹೊಳೆಯ ಕಲ್ಲಿನ ಹಾಗೆ ತಣ್ಣಗಿದ್ದವು. ತೆತ್ಸುರೊ ಸೈಕಲ್ ಹತ್ತಿ ಡಾಕ್ಟರ ಬಳಿ ಓಡಿದ. ಗೆನ್ಸಾಕು ಒಲೆ ಮುಂದೆ ನಿಂತು ನೀರು ಕಾಯಿಸುತ್ತ ಬಿಸಿ ಪಾತ್ರೆಯನ್ನೇ ಬರಿಗೈಯಲ್ಲಿ ಹಿಡಿದರು. ಕೈ ಬಿಡುವಾಗಿದ್ದದ್ದು ನನಗೊಬ್ಬಳಿಗೇ. ಬಟ್ಟೆ ಸಡಿಲಿಸಿ ಕೂಸನ್ನು ಎದೆಯ ಚರ್ಮಕ್ಕೇ ಒತ್ತಿಕೊಂಡು, ಮೇಲೆ ಹತ್ತಿಯ ಕೋಟು ಸುತ್ತಿ ಕೂತೆ.

ಡಾಕ್ಟರು ಬಂದವರು ಕೋಟು ಸರಿಸಿ ನೋಡಿ, "ಹಾಗೇ ಇರಿ. ಅಲ್ಲಾಡಬೇಡಿ" ಎಂದು, ನನ್ನ ಮೈಮೇಲಿದ್ದ ಹಾಗೆಯೇ ಮಗುವಿಗೆ ಸೂಜಿ ಚುಚ್ಚಿದರು. ಕತ್ತಲಾಗುವವರೆಗೂ ಕೂತಿದ್ದೆ. ಎದೆಯ ಮೇಲೆ ಒಂದು ಹಕ್ಕಿ ಕೂತಷ್ಟೇ ಭಾರ. ಆಮೇಲೆ ಆ ಪಾದಗಳು ಬೆಚ್ಚಗಾದವು. ಯಾವಾಗ ಎಂದು ಹೇಳಲಾರೆ.

ಎದ್ದು ಹೋಗಿ ನೋಡಿದರೆ ಕೆಲಸದ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಎಳೆದಿಟ್ಟ ಶಾವಿಗೆಯೆಲ್ಲ ಜೋತು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ನಾನು ಈ ಮನೆಗೆ ಬಂದ ಮೇಲೆ ಹೀಗಾದದ್ದು ಇದೇ ಮೊದಲು. ಗೆನ್ಸಾಕು ಗುಡಿಸಿ ಕೋಳಿಗಳಿಗೆ ಹಾಕಿದರು.

ಫೆಬ್ರವರಿ 9

ಕಿನುಕೊಗೆ ಜ್ವರ ಇಳಿದಿದೆ. ಮಗು ಹಾಲು ಎಳೆಯುತ್ತಿದೆ.

ಕೊಟ್ಟಿಗೆಯಲ್ಲಿ ಹಿಟ್ಟಿಗೆ ಎಣ್ಣೆ ಸವರುತ್ತಿದ್ದಾಗ ಕಿನುಕೊ ಕಂಬ ಹಿಡಿದುಕೊಂಡು ಬಂದಳು. ಅಷ್ಟು ದೂರ ನಡೆದದ್ದಕ್ಕೇ ಏದುಸಿರು.

"ಅತ್ತೆ, ಮಿನೆ ಅಂದ್ರೆ ಯಾರು?"

"ಯಾಕೆ?"

"ಅವತ್ತು ಪಾಪುನ ಎದೆಗೊತ್ಕೊಂಡು ಮಿನೆ, ಮಿನೆ ಅಂತಿದ್ರಿ."

"ನಾನು ಯಾರನ್ನೂ ಕರೆದಿಲ್ಲ. ಜ್ವರ ಇದ್ದಿದ್ದು ನಿನಗೆ."

ಅವಳು ಹೋಗಲಿಲ್ಲ. ಹಿಟ್ಟಿನ ಇನ್ನೊಂದು ತುದಿಗೆ ಕೂತು ಎಣ್ಣೆ ಸವರತೊಡಗಿದಳು. ಪಟ್ಟಣದ ಹುಡುಗಿ, ಸವರುವ ರೀತಿಯೂ ಗೊತ್ತಿಲ್ಲ. ಮುಖಕ್ಕೆ ಪೌಡರ್ ಹಚ್ಚಿದ ಹಾಗೆ ಹಚ್ಚುತ್ತಿದ್ದಳು. ಒತ್ತಿ ಹಚ್ಚಬೇಕು ಎಂದು ತೋರಿಸುತ್ತ ತೋರಿಸುತ್ತ ಹೇಳಿಬಿಟ್ಟೆ. ತೆತ್ಸುರೊಗಿಂತ ಮುಂಚೆ ಹುಟ್ಟಿದವಳು. ಇಂಥದೇ ಚಳಿಗಾಲ. ಗುಡಿಗೆ ಕರೆದೊಯ್ದು ದೇವರಿಗೆ ತೋರಿಸುವ ದಿನ ಹತ್ತಿರ ಬಂದಿತ್ತು. ಕೆಂಪು ಬಟ್ಟೆಯ ಮೇಲೆ ಚೆಂಡು ಹೂಗಳಿದ್ದ ಕಿಮೋನೊ ಹೊಲಿದು ಮಡಿಸಿಟ್ಟಿದ್ದೆ. ತೊಡಿಸುವ ದಿನ ಬರಲಿಲ್ಲ. ದೇವರಿಗೆ ತೋರಿಸದ ಮಗು ಎಣಿಕೆಗೆ ಬರುವುದಿಲ್ಲವೆಂದು ಆ ಕಾಲದವರು ಹೇಳುತ್ತಿದ್ದರು. ಹೆಸರು ಕೆತ್ತದ ಒಂದು ಕಲ್ಲು ನೆಟ್ಟರು. ಅತ್ತೆ ಕೆಟ್ಟವರೇನಲ್ಲ. ಆಗಿನ ಪದ್ಧತಿ ಹಾಗಿತ್ತು.

"ಆ ಕಿಮೋನೊ ಎಲ್ಲಿದೆ ಅತ್ತೆ?"

"ಎಲ್ಲಿರತ್ತೆ? ಯುದ್ಧದ ಕಾಲದಲ್ಲಿ ಬಟ್ಟೆ ಸಿಗ್ತಾ ಇರ್ಲಿಲ್ಲ. ಕತ್ತರಿಸಿ, ಹತ್ತಿ ತುಂಬಿ, ನಿನ್ನ ಗಂಡಂಗೆ ಬಾಂಬು ಬಿದ್ರೆ ತಲೆ ಕಾಯೋ ಟೋಪಿ ಹೊಲಿದೆ. ಹುಡುಗಿ ಬಟ್ಟೆ ಅಂತ ಸ್ಕೂಲಲ್ಲಿ ಎಲ್ಲಾ ಆಡ್ಕೊಂಡ್ರು ಅಂತ ಅಳ್ತಾ ಬಂದಿದ್ದ."

ಕಿನುಕೊ ನಕ್ಕಳು. ಆಮೇಲೆ ಅತ್ತಳು. ಹಿಟ್ಟಿನ ಮೇಲೆ ಬೀಳುತ್ತದೆ, ಆ ಕಡೆ ತಿರುಗು ಎಂದೆ. ಮೊದಲೇ ಉಪ್ಪು ಸರಿಯಾಗಿತ್ತು.

ಮಾರ್ಚ್ 1

ಪ್ಲಮ್ ಹೂ ಬಿಟ್ಟಿದೆ. ಡಾಕ್ಟರು ಒಪ್ಪಿದರು. ಇವತ್ತು ಮಗುವನ್ನು ಬೆಟ್ಟದ ಮೇಲಿನ ಗುಡಿಗೆ ಕರೆದೊಯ್ದೆವು. ತಿಂಗಳಿಗೇ ಆಗಬೇಕಿದ್ದದ್ದು, ತಡವಾಗಿ.

ರಿಕು ನಿನ್ನೆಯೇ ಬಂದಿದ್ದರು, ಕಿಮೋನೊ ತಂದಿದ್ದರು. ತಿಳಿ ಗುಲಾಬಿ, ಕೊಕ್ಕರೆಗಳ ಚಿತ್ರ. ಪದ್ಧತಿಯ ಪ್ರಕಾರ ಎತ್ತಿಕೊಳ್ಳಬೇಕಾದವಳು ಅಪ್ಪನ ತಾಯಿ. ಆ ಪದ್ಧತಿ ಮಾಡಿದ್ದು ನಾನಲ್ಲ. ಎತ್ತಿಕೊಂಡೆ. ಕಿಮೋನೊವನ್ನು ಮೇಲೆ ಹೊದಿಸಿ ದಾರಗಳನ್ನು ನನ್ನ ಕುತ್ತಿಗೆಯ ಹಿಂದೆ ಕಿನುಕೊ ಕಟ್ಟಿದಳು. ಮಗುವಿನ ಹಣೆಗೆ 'ಚಿಕ್ಕವಳು' ಎಂಬ ಅರ್ಥದ ಅಕ್ಷರವನ್ನು ಗೆನ್ಸಾಕು ಕೆಂಪು ಬಣ್ಣದಲ್ಲಿ ಬರೆದರು, ಮತ್ತೆ ನಾಲಗೆ ಹೊರಗೆ.

ಓಣಿಯಲ್ಲಿ ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು. ಮೀನು ಮಾರುವ ಒಕಾನೆ ಓಡಿ ಬಂದು ಕಾಗದದ ನಾಯಿಗೊಂಬೆಯೊಂದನ್ನು ಕಿಮೋನೊದ ದಾರಕ್ಕೆ ಕಟ್ಟಿದಳು. "ನಾಯಿ ಮರಿ ಥರ ಗಟ್ಟಿಯಾಗಿ ಬೆಳೀಲಿ! ಹಿಸಾನೊ ಅಕ್ಕಾ, ನೀವು ಯಾಕೆ ಇಷ್ಟು ಬೆಳ್ಳಗಾಗಿದ್ದೀರಿ?" ಎಂದಳು. ಹಿಟ್ಟು ಎಂದೆ. ತೆತ್ಸುರೊನನ್ನು ಎತ್ತಿಕೊಂಡು ಅತ್ತೆ ಇದೇ ದಾರಿಯಲ್ಲಿ ಮುಂದೆ ನಡೆದಿದ್ದರು, ನಾನು ಹಿಂದೆ. ಆಗ ಒಕಾನೆಯ ತಾಯಿ ಇದೇ ಬಾಗಿಲಿನಿಂದ ಇಂಥದೇ ನಾಯಿ ತಂದು ಕಟ್ಟಿದ್ದಳು. ಮೂತಿಗೆ ಅದೇ ಕೆಂಪು.

ಪೂಜಾರಿ ಹೊಸಬರು, ಎಳೆಯ ವಯಸ್ಸು. "ಮಗುವಿನ ಹೆಸರು?" ಎಂದು ನನ್ನನ್ನೇ ಕೇಳಿದರು.

"ಚಿತೊಸೆ."

ಕಿನುಕೊ ಯಾಕೋ ತಿರುಗಿ ನನ್ನ ಮುಖವನ್ನೇ ನೋಡಿದಳು. ಪೂಜಾರಿ ಮಂತ್ರದ ನಡುವೆ ಆ ಹೆಸರು ಸೇರಿಸಿ, ಊರು ಸೇರಿಸಿ, ಬಿಳಿ ಕಾಗದದ ಕುಚ್ಚನ್ನು ಆಡಿಸಿದರು.

ಆಮೇಲೆ ಚಿವುಟುವುದು. ದೇವರ ಮುಂದೆ ಮಗುವನ್ನು ಚಿವುಟಿ ಅಳಿಸಬೇಕು. ಹೀಗೊಂದು ಜೀವ ಈ ಊರಿಗೆ ಬಂದಿದೆ ಎಂದು ದೇವರು ಅದರ ದನಿಯಿಂದಲೇ ಗುರುತು ಹಿಡಿಯಬೇಕು. ತೆತ್ಸುರೊ ಎಷ್ಟು ಜೋರಾಗಿ ಬೊಬ್ಬೆ ಹೊಡೆದಿದ್ದನೆಂದರೆ ಹಳೆಯ ಪೂಜಾರಿ ಮಂತ್ರವನ್ನೇ ಮರೆತಿದ್ದರು.

ಚಿತೊಸೆ ನಿದ್ದೆ ಹೋಗಿದ್ದಳು. ಕಿಮೋನೊದೊಳಗೆ ಕೈ ಹಾಕಿ ತೊಡೆ ಹುಡುಕಿದೆ. ಹುಡುಕುವಷ್ಟು ತೊಡೆಯಾದರೂ ಎಲ್ಲಿತ್ತು? ಬೆರಳು ಮಡಚಲೇ ಇಲ್ಲ.

"ನಾನು ಚಿವುಟಲಾ ಅತ್ತೆ?" ಎಂದಳು ಕಿನುಕೊ.

"ಬೇಡ. ತೋರಿಸೋಕೆ ತಂದವಳು ನಾನು."

ಚಿವುಟಿದೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಅಷ್ಟೇ. ತೆತ್ಸುರೊ ಟೋಪಿ ಕಿವುಚುತ್ತ ನಿಂತಿದ್ದ. "ಇನ್ನೂ ಸ್ವಲ್ಪ ಗಟ್ಟಿಯಾಗಿ" ಎಂದು ರಿಕು ಪಿಸುಗುಟ್ಟಿದರು. ಉಗುರು ಊರಿ ಚಿವುಟಿದೆ.

ಅತ್ತಳು. ಮೊದಲು ಬಾಯಿ ಮಾತ್ರ ತೆರೆಯಿತು. ಮುಖ ಕೆಂಪಾಯಿತು, ಹಣೆಯ ಅಕ್ಷರ ಆ ಕೆಂಪಿನಲ್ಲಿ ಮುಳುಗಿತು. ಆಮೇಲೆ ದನಿ ಬಂತು. ಹುಟ್ಟಿದಂದಿನಿಂದ ಎಲ್ಲಿ ಕೂಡಿಟ್ಟುಕೊಂಡಿದ್ದಳೋ ಅಷ್ಟನ್ನೂ ಒಂದೇ ಸಲಕ್ಕೆ ಸುರಿದಳು. ದೇವದಾರು ಮರದಿಂದ ಕಾಗೆಗಳು ಎದ್ದವು. ಗೆನ್ಸಾಕು ಚಪ್ಪಾಳೆ ತಟ್ಟಿ, "ಕೇಳಿಸ್ತಾ? ಕೇಳಿಸ್ತಾ?" ಎಂದು ಯಾರನ್ನು ಕೇಳಿದರೋ ಗೊತ್ತಿಲ್ಲ. ರಿಕು ಕೈವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು.

ನನ್ನ ಕಣ್ಣಿಗೆ ಧೂಳು ಬಿತ್ತು. ಗುಡಿಯ ಅಂಗಳವನ್ನು ಗುಡಿಸಿ ಎಷ್ಟು ದಿನವಾಗಿತ್ತೋ.

ಮನೆಗೆ ಬಂದು ನೋಡಿದರೆ ತೊಡೆಯ ಮೇಲೆ ನನ್ನ ಉಗುರಿನ ಗುರುತು ಹಾಗೇ ಇದೆ. ಎಳ್ಳೆಣ್ಣೆ ಹಚ್ಚಿದೆ. ಸಂಜೆ ಇನ್ನೊಮ್ಮೆ ಹಚ್ಚಿದೆ.

ಮಾರ್ಚ್ 4

ನಿನ್ನೆ ಗೊಂಬೆ ಹಬ್ಬ. ರಿಕು ತಂದ ರಾಜ ರಾಣಿ ಗೊಂಬೆಗಳನ್ನು ಕೂರಿಸಿದೆವು. ಚಿತೊಸೆ ರಾಣಿಯನ್ನು ನೋಡಲಿಲ್ಲ, ದೀಪವನ್ನು ನೋಡಿದಳು. ಗೊಂಬೆಗಳನ್ನು ಬೇಗ ಪೆಟ್ಟಿಗೆಗೆ ಹಾಕದಿದ್ದರೆ ಹುಡುಗಿಗೆ ಮದುವೆ ತಡವಾಗುತ್ತದಂತೆ. "ತಡ ಆಗ್ಲಿ ಬಿಡಿ" ಎಂದೆ. ಎಲ್ಲರೂ ನಕ್ಕರು. ಯಾಕೆ ನಕ್ಕರೋ.

ಮಾರ್ಚ್ 18

ಇವತ್ತು ಚಿತೊಸೆಗೆ ನೂರನೆಯ ದಿನ, ಮೊದಲ ಊಟದ ಶಾಸ್ತ್ರ. ಹಲ್ಲಿಲ್ಲದವಳಿಗೆ ಕಾಲಿರುವ ಪುಟ್ಟ ಮಣೆ, ಒಳಗೆ ಕೆಂಪು ಹೊರಗೆ ಕಪ್ಪು ಮೆರುಗಿನ ಬಟ್ಟಲು, ತಲೆ ಬಾಲ ಸಹಿತ ಸುಟ್ಟ ಕೆಂಪು ಮೀನು, ಸಾರು, ಕಾಳಿನ ಅನ್ನ. ಬಾಯಿಗೆ ಮುಟ್ಟಿಸಿದ ಹಾಗೆ ಮಾಡುವುದಷ್ಟೇ, ತಿನ್ನುವವರು ನಾವು.

ಹೆಣ್ಣು ಮಗುವಾದರೆ ತಿನ್ನಿಸುವವಳು ಮನೆಯವರಲ್ಲೆಲ್ಲ ಹಿರಿಯ ಹೆಂಗಸು. ಆ ಆಯುಷ್ಯ ಮಗುವಿಗೂ ಬರಲಿ ಎಂದು. ನಾನು ಮಣೆಯ ಮುಂದೆ ಕೂರುವಷ್ಟರಲ್ಲಿ ರಿಕು ಬಂದು ಪಕ್ಕದಲ್ಲೇ ಕೂತುಬಿಟ್ಟರು.

"ಹಿರಿಯಳು ನಾನಲ್ವಾ ಬೀಗಿತ್ತಿ? ನಾನು ಮೇಜಿ ದೊರೆಯ ಮೂವತ್ತಾರನೇ ವರ್ಷದಲ್ಲಿ ಹುಟ್ಟಿದವಳು."

"ನಾನೂ ಮೂವತ್ತಾರೇ."

"ನಾನು ಚೆರ್ರಿ ಹೂ ಬಿಟ್ಟಾಗ."

"ನಾನು ಪ್ಲಮ್ ಬಿಟ್ಟಾಗ. ಮೊದಲು ಬಿಡೋದು ಯಾವುದು?"

"ನಿಮ್ಮ ದ್ವೀಪದಲ್ಲಿ ಪ್ಲಮ್ ತಡವಾಗಿ ಬಿಡತ್ತೆ."

"ಮಕ್ಕಳ ಮದುವೆ ದಿನ ಐವತ್ತರ ಮೇಲೆ ಒಂದು ದಿನಾನೂ ಆಗಿಲ್ಲ ಅಂತ ಇದ್ರಲ್ಲ, ಕೂದಲಿಗೆ ಕಪ್ಪು ಬಳ್ಕೊಂಡು? ಈಗ ಏಕಾಏಕಿ ಮುದುಕಿ ಆಗ್ಬಿಟ್ರಾ?"

ರಿಕು ಕೂದಲು ಮುಟ್ಟಿಕೊಂಡರು. ಕಿನುಕೊ ಮಗುವನ್ನು ಎತ್ತಿಕೊಂಡು ನಡುಗುತ್ತಿದ್ದಳು. ನಗು ತಡೆಯುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಕೊನೆಗೆ ಗೆನ್ಸಾಕು, "ಒಬ್ರು ಅನ್ನ ಮೀನು ತಿನ್ನಿಸಿ, ಒಬ್ರು ಕಲ್ಲು. ಸಾರು ತಣ್ಣಗಾಗ್ತಿದೆ" ಎಂದರು.

ನನಗೆ ಕಲ್ಲು ಬಂತು. ಹಲ್ಲು ಗಟ್ಟಿಯಾಗಲೆಂದು ಗುಡಿಯ ಅಂಗಳದಿಂದ ತೆತ್ಸುರೊ ಆರಿಸಿ ತಂದು ತೊಳೆದ ಕಲ್ಲು. ಊಟದ ಕಡ್ಡಿಯ ತುದಿಯನ್ನು ಕಲ್ಲಿಗೆ ಮುಟ್ಟಿಸಿ ಅವಳ ಒಸಡಿಗೆ ಮುಟ್ಟಿಸಿದೆ. ಚಿತೊಸೆ ಕಡ್ಡಿಯನ್ನು ಕಚ್ಚಿ ಹಿಡಿದು ಬಿಡಲಿಲ್ಲ. ಎಳೆದರೆ ಇನ್ನೂ ಗಟ್ಟಿ. ರಿಕು ಕೊಟ್ಟ ಮೀನಿಗೆ ಮುಖ ತಿರುಗಿಸಿದ್ದಳು. ಇದನ್ನು ಬರೆಯುವುದು ಆದದ್ದು ಬರೆಯಬೇಕೆಂದೇ ಹೊರತು ಬೇರೆ ಕಾರಣಕ್ಕಲ್ಲ.

ಊಟದ ಮೇಲೆ ರಿಕು, ಏಪ್ರಿಲ್‌ನಲ್ಲಿ ಬಂದು ಇಬ್ಬರನ್ನೂ ಕರೆದೊಯ್ಯುತ್ತೇನೆ ಎಂದರು. ಹೌದು, ಮೊದಲೇ ಹಾಗೆ ಮಾತಾಗಿತ್ತು. ದೊಡ್ಡಾಸ್ಪತ್ರೆ ಒಳ್ಳೆಯದು. ಮಗುವಿಗೆ ಯಾವುದು ಒಳ್ಳೆಯದೋ ಅದು ಆಗಬೇಕು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿತ್ತೇನೋ, ಅನ್ನದ ಉಂಡೆ ನುಂಗಿದರೂ ಹೋಗಲಿಲ್ಲ.

ಏಪ್ರಿಲ್ 10

ಬಟ್ಟೆ ಮಡಿಸಿದೆ. ಇಪ್ಪತ್ತು ಅಂಗಿ. ದೋಣಿಯಲ್ಲಿ ಗಾಳಿ ತಾಗದಿರಲೆಂದು ನನ್ನ ಹತ್ತಿಯ ಕೋಟನ್ನು ಕತ್ತರಿಸಿ ಚಿಕ್ಕದು ಹೊಲಿದೆ. ಹಳೆಯದಾಗಿತ್ತು.

ಏಪ್ರಿಲ್ 12

ರಿಕು ಬೆಳಗಿನ ದೋಣಿಗೆ ಬಂದರು. ಸಾಮಾನು ಬಾಗಿಲಲ್ಲಿತ್ತು. ಮುಂಜಾನೆ ಹಿಟ್ಟಿಗೆ ನೀರು ಹಾಕಿ ಬಂದು ಚಿತೊಸೆಯನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಈಚೆಗೆ ರೂಢಿ. ಕಿನುಕೊ ಸ್ವಲ್ಪ ಹೆಚ್ಚು ಮಲಗಲಿ ಎಂದು. ಇವತ್ತೂ ಕಟ್ಟಿಕೊಂಡಿದ್ದೆ. ಬಿಚ್ಚಿ ಕೊಡಬೇಕಾದಾಗ ಎದೆಯ ಮೇಲಿನ ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಬರಲಿಲ್ಲ.

"ಇರಿ ಅತ್ತೆ, ನಾನು ಬಿಚ್ತೀನಿ," ಎಂದು ಕಿನುಕೊ ಬಂದಳು. ಗಂಟಿಗೆ ಕೈ ಹಾಕಿದಳು. ಆಮೇಲೆ ಕೈ ತೆಗೆದಳು.

"ಅಮ್ಮಾ, ನಾವು ಬರಲ್ಲ."

"ಏನೇ ಅದು? ನೀನೇ ತಾನೇ ಬೇಗ ಕರ್ಕೊಂಡು ಹೋಗು ಅಂದಿದ್ದು?"

"ಅಂದಿದ್ದೆ. ಆಗ ಇಲ್ಲಿ ಇವಳು ಯಾರಿಗೂ ಬೇಡ ಅಂದ್ಕೊಂಡಿದ್ದೆ." ಅವಳು ನನ್ನ ಕಡೆ ನೋಡಲಿಲ್ಲ. "ಡಾಕ್ಟರ್ ಕುಸುಮಿ ಇನ್ನು ಭಯ ಇಲ್ಲ ಅಂದಿದ್ದಾರೆ. ಬೇಕಾದ್ರೆ ನೀನೇ ಇಲ್ಲಿಗೆ ಬಾ ಅಮ್ಮ. ಎಷ್ಟು ಸಲ ಬೇಕಾದ್ರೂ ಬಾ."

ರಿಕು ಕಾಲಿಂದ ಚಪ್ಪಲಿ ಬಿಟ್ಟು ಒಳಗೆ ಬಂದರು. "ದೋಣಿ ಹೋಗ್ಬಿಡ್ತು ಅನ್ಸತ್ತೆ. ಬೀಗಿತ್ತಿ, ಟೀ ಆದ್ರೂ ಕೊಡಿ. ಮೊಮ್ಮಗು ಅಂತೂ ಕೊಡಲ್ಲ ನೀವು."

ಕೊಟ್ಟೆ. ಒಳ್ಳೆಯ ಎಲೆಯದೇ ಹಾಕಿದೆ. ಆ ಹೊತ್ತಿಗೆ ಚಿತೊಸೆ ಬೆನ್ನ ಮೇಲೇ ಒದ್ದೆ ಮಾಡಿದ್ದಳು.

ಜುಲೈ 30

ಸೆಕೆ. ಚಳಿಗಾಲದ ಶಾವಿಗೆಯನ್ನು ಬಾವಿ ನೀರಿನಲ್ಲಿ ತಣಿಸಿ ಊಟ. ಚಿತೊಸೆಗೆ ಕೆಳಗೆ ಎರಡು ಹಲ್ಲು. ಒಂದು ಎಳೆ ಕೊಟ್ಟರೆ ಮೂಗಿನಿಂದ ಬರುವ ಹಾಗೆ ಎಳೆದುಕೊಂಡಳು.

ಹಿತ್ತಲಲ್ಲಿ ಮರದ ತೊಟ್ಟಿಯಲ್ಲಿ ಸ್ನಾನ. ತೆತ್ಸುರೊ ಅದೇ ತೊಟ್ಟಿಯಲ್ಲಿ ಕುಣಿಯುತ್ತಿದ್ದ. ಆಗ ಅತ್ತೆ ಸಂಜೆ ಹೊತ್ತು ಕಿರು ಚಾಪೆ ಹಾಕಿ ಕೂತು ಬೀಸಣಿಗೆ ಬೀಸುತ್ತ, ಸಮುದ್ರದ ಮೇಲಿನ ದೀಪಗಳನ್ನು ತೋರಿಸಿ ಯಾವುದು ಯಾರ ದೋಣಿಯೆಂದು ಹೇಳುತ್ತಿದ್ದರು. ನಾನು ಹಾಗೇ ತೋರಿಸಿದೆ. ಈಗಿನ ದೋಣಿಗಳು ಯಾರವೋ ಗೊತ್ತಿಲ್ಲ. ಹಳೆಯ ಹೆಸರುಗಳನ್ನೇ ಹೇಳಿದೆ. ಚಿತೊಸೆ ಎಲ್ಲವನ್ನೂ ನಂಬಿದಳು.

ಡಿಸೆಂಬರ್ 9

ವರ್ಷ ತುಂಬಿತು. ಬೆಳಿಗ್ಗೆಯಿಂದ ಓಡಾಟ. ರಿಕು ಎರಡು ದಿನ ಮುಂಚೆಯೇ ಬಂದು ಅಡಿಗೆಮನೆ ತಮ್ಮದು ಮಾಡಿಕೊಂಡಿದ್ದಾರೆ. ಗೆನ್ಸಾಕು, ತೆತ್ಸುರೊ ಸೇರಿ ಅಕ್ಕಿ ಕುಟ್ಟಿ ಮೊದಲ ಹುಟ್ಟುಹಬ್ಬದ ದೊಡ್ಡ ಮೋಚಿ ಕಡುಬು ಮಾಡಿದರು. ಮಗು ಅದನ್ನು ಬೆನ್ನ ಮೇಲೆ ಹೊತ್ತು ನಿಲ್ಲಬೇಕು. ಬಾಳಿನಲ್ಲಿ ಅನ್ನಕ್ಕೆ ಕೊರತೆ ಬಾರದಿರಲಿ ಎಂದು. ಬಟ್ಟೆಯಲ್ಲಿ ಕಟ್ಟುವ ಮುಂಚೆ ಗೆನ್ಸಾಕು ಕಡುಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಏನೋ ಯೋಚಿಸಿ, ನನ್ನ ಕೈಗೆ ಕೊಟ್ಟರು.

"ಹಿಡಿದು ನೋಡು. ಅವತ್ತು ಡಾಕ್ಟ್ರು ತೂಗಿದಾಗ ಇವಳು ಇಷ್ಟೇ ಇದ್ಲು."

ಹಿಡಿದೆ. ಬೆಚ್ಚಗಿತ್ತು.

ಬೆನ್ನಿಗೆ ಕಟ್ಟಿದೆವು. ಚಿತೊಸೆ ಮೇಜು ಹಿಡಿದು ಎದ್ದಳು. ಕೈ ಬಿಟ್ಟಳು. ನಿಂತಳು! "ನಿಂತ್ಲು ನಿಂತ್ಲು" ಎಂದು ರಿಕು ಕಿರುಚಿದ್ದಕ್ಕೆ ಹೆದರಿ ಧೊಪ್ಪನೆ ಕೂತಳು. ಆಮೆಯ ಹಾಗೆ ಅಂಗಾತವಾಗಿ ಕೈಕಾಲು ಆಡಿಸುತ್ತ ಅಳು. ಬೀಳುವುದೂ ಒಳ್ಳೆಯ ಶಕುನವೇ. "ನಿಮ್ಮ ಗಂಟಲು ಮುಚ್ಕೊಂಡಿದ್ರೆ ಇನ್ನೂ ನಿಂತಿರ್ತಿದ್ಲು" ಎಂದೆ. "ನಿಮ್ಮ ಗಂಟಲೇ ನನಗಿಂತ ಜೋರಿತ್ತು" ಎಂದರು ರಿಕು. ನಾನು ಕೂಗಿದ ನೆನಪಿಲ್ಲ. ಗಂಟಲೇನೋ ಈಗ ನೋಯುತ್ತಿದೆ.

ಕಡುಬನ್ನು ಕತ್ತರಿಸಿ ಹಂಚುವ ಕೆಲಸ ಕಿನುಕೊದು. ಒಕಾನೆಗೆ, ಡಾಕ್ಟರಿಗೆ, ಪೂಜಾರಿಗೆ, ತಕಾಮತ್ಸುವಿನವರಿಗೆ ಎಂದು ಎಲೆಗಳಲ್ಲಿ ಸುತ್ತಿಟ್ಟಳು. ಕೊನೆಗೆ ಇನ್ನೊಂದು ತುಂಡು ತೆಗೆದು ಬೇರೆ ಇಟ್ಟಳು.

"ಅದು ಯಾರಿಗೆ?"

"ಅವಳ ಸೋದರತ್ತೆಗೆ."

"ತೆತ್ಸುರೊಗೆ ಅಕ್ಕ ತಂಗಿ ಎಲ್ಲಿದ್ದಾರೆ?" ಎಂದು ರಿಕು ಕೇಳಿದರು.

"ಅಕ್ಕ ಇದ್ದಾರೆ," ಎಂದಳು ಕಿನುಕೊ. "ಮಿನೆ ಅಂತ."

ಗೆನ್ಸಾಕು ಕುಟ್ಟುವ ಕೋಲನ್ನು ತೊಳೆಯಲು ಬಾವಿಯ ಕಡೆಗೆ ಎದ್ದು ಹೋದರು. ಬಹಳ ಹೊತ್ತು ತೊಳೆದರು.

ಡಿಸೆಂಬರ್ 10

ಕಿನುಕೊ, ನಾನು, ಬೆನ್ನ ಮೇಲೆ ಚಿತೊಸೆ, ಮೂವರೂ ಊರ ಹಿಂದಿನ ಬೌದ್ಧ ದೇವಸ್ಥಾನದ ಗೋರಿಗಳ ಹತ್ತಿರ ಹೋದೆವು. ಕರ್ಪೂರದ ಮರದ ಕೆಳಗೆ ಹೆಸರಿಲ್ಲದ ಚಿಕ್ಕ ಕಲ್ಲುಗಳ ಸಾಲು. ಯಾವುದೆಂದು ಕಿನುಕೊ ಕೇಳಲಿಲ್ಲ, ನಾನು ಯಾವುದರ ಮುಂದೆ ನಿಲ್ಲುತ್ತೇನೆಂದು ಕಾದಳು. ಪಾಚಿ ಕೆರೆದೆವು. ನೀರು ಹಾಕಿದೆವು. ಕಡುಬಿನ ತುಂಡನ್ನು ಎಲೆಯ ಮೇಲಿಟ್ಟು ಕಿನುಕೊ ಕೈ ಮುಗಿದಳು. "ಮಿನೆ ಅಕ್ಕಾ, ನಿಮ್ಮ ಸೋದರಸೊಸೆ ಬಂದಿದ್ದಾಳೆ ನೋಡಿ" ಎಂದಳು, ಪಕ್ಕದ ಮನೆಯವರನ್ನು ಮಾತಾಡಿಸುವ ಹಾಗೆ.

ತಿಂಗಳು ತುಂಬದ ನನ್ನ ಕೂಸು ಮೂವತ್ತರ ಹೆಂಗಸಾಗಿಬಿಟ್ಟಳು. ನಾದಿನಿಯೂ ಆದಳು, ಅತ್ತೆಯೂ ಆದಳು.

ಚಿತೊಸೆಯನ್ನು ಕೆಳಗಿಳಿಸಿದೆ. ಕಲ್ಲನ್ನು ಎರಡೂ ಕೈಯಿಂದ ಹಿಡಿದು ಎದ್ದು ನಿಂತಳು. ಅದರ ತಲೆಯನ್ನು ಪಟಪಟ ತಟ್ಟಿದಳು. ಆಮೇಲೆ ಬಗ್ಗಿ ಎಲೆಯ ಮೇಲಿದ್ದ ಕಡುಬನ್ನು ಎತ್ತಿ ಬಾಯಿಗೆ ತುರುಕಿಕೊಂಡಳು.

"ಅಯ್ಯೋ, ಸೋದರತ್ತೆಗೆ ಇಟ್ಟಿದ್ದು ಅದು!" ಎಂದು ಕಿನುಕೊ ಕಿತ್ತುಕೊಳ್ಳಲು ಹೋದಳು.

"ಬಿಡು," ಎಂದೆ. "ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಚಿಕ್ಕ ಚೂರು ಮಾಡಿ ಕೊಡು, ಸಾಕು. ಅತ್ತೆಯ ತಟ್ಟೆಯಿಂದ ಕದ್ದು ತಿನ್ನದ ಮಕ್ಕಳು ಎಲ್ಲಿದ್ದಾರೆ?"